ಸೆರಗು ಹೊದ್ದ ‘ಎ’

ಬೋರ್ಡು ಬರೆಯುವಾಗ ನಮ್ಮ ಯಜಮಾನರು ಏಣಿಯ ಮೇಲೆ, ನಾನು ಕೆಳಗೆ. ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟಾಗಿನಿಂದ ಹೀಗೆಯೇ. ಕೆಳಸಾಲಿನ ಇಂಗ್ಲಿಷ್ ಅಕ್ಷರಗಳ ಅಂಚನ್ನು ಸೀಮೆಸುಣ್ಣದಲ್ಲಿ ಎಳೆದುಕೊಟ್ಟು ಅವರು ಮೇಲಿನ ಕನ್ನಡದ ಸಾಲಿಗೆ ಏರುತ್ತಾರೆ. ನಾನು ಬಣ್ಣ ತುಂಬುತ್ತೇನೆ. ಸುಣ್ಣದ ಗೆರೆ ಗಾಳಿಗೋ, ಮಗಳು ಶಾಂತಿಯ ಅಂಗೈಗೋ ಅಳಿಸಿಹೋಗುತ್ತದೆ. ಆಗ ಅಲ್ಲಿ ಏನಿತ್ತೆಂದು ನಾನು ಕೇಳಬೇಕು, ಅವರು ತಿರುಗದೆ ಮೇಲಿನಿಂದಲೇ ಹೇಳಬೇಕು. ಹಾಗೆ ಹೇಳಲು ಒಂದೊಂದು ಆಕಾರಕ್ಕೂ ಹೆಸರು ಬೇಡವೇ?

ಹೆಸರುಗಳನ್ನು ಇಟ್ಟವಳು ನಾನು. ತುದಿಯಲ್ಲಿ ಕುಚ್ಚು, ಕೊಕ್ಕೆ ಏನೂ ಇಲ್ಲದ ಅಕ್ಷರಗಳಿಗೆ ಬೋಳಕ್ಷರ ಎಂದೆ. ಬೋಳಕ್ಷರವೆಂದರೆ ಎಲ್ಲವೂ ಒಂದೇ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ತುಂಬುವವಳಿಗೆ ಗೊತ್ತು. ಸಣ್ಣ ‘ಎ’ ಒಂದು ಬೋರ್ಡಿನಲ್ಲಿ ಬರಿದಲೆಯಾಗಿ ನಿಂತಿರುತ್ತದೆ, ಇನ್ನೊಂದರಲ್ಲಿ ಗೆರೆ ತಲೆಯ ಮೇಲಿಂದ ಬಾಗಿ ಬರುತ್ತದೆ. ಅದು ಸೆರಗು ಹೊದ್ದ ‘ಎ’. ‘ಆರ್’ನ ಕಾಲು ಹೊರಕ್ಕೆ ಚಾಚಿದ್ದರೆ ಎಮ್ಮೆ ಒದೆ. ನೆತ್ತಿ ಓರೆಯಾಗಿರುವ ‘ಟಿ’ ಕೊಯ್ದ ಕಬ್ಬು. ಎರಡು ಸುತ್ತಿನ ‘ಜಿ’ ಸಿಂಬಿ ಮೇಲಿನ ಬಿಂದಿಗೆ. ಬೇರೆಯವರಿಗೆ ಇದು ಮಕ್ಕಳ ಮಾತು. ನನಗೂ ಯಜಮಾನರಿಗೂ ನಡುವೆ, ಅತ್ತೆ, ನೆಂಟರು, ಸಾಲುಗಟ್ಟಿದ ಗಿರಾಕಿಗಳು ಯಾರೂ ಕಾಲಿಡದ ಜಾಗ ಅದೊಂದೇ.

ಚಾಮರಾಜನಗರ ಹೊಸ ಜಿಲ್ಲೆಯಾದ ವರ್ಷ ಊರೂರಿನ ಬೋರ್ಡುಗಳಲ್ಲಿ ಮೈಸೂರು ಅಳಿಸಿ ಹೊಸ ಹೆಸರು ಬರೆಯಬೇಕಾಯಿತು. ಅಕ್ಷರ ಕಂಪ್ಯೂಟರಿನಲ್ಲಿ ಇದ್ದಂತೆಯೇ ಇರಬೇಕು ಎಂದು ಗಿರಾಕಿಗಳ ಹಟ. ಮಾದರಿ ತರಲು ಯಜಮಾನರು ಚಾಮರಾಜನಗರದ ಕಂಪ್ಯೂಟರ್ ಅಂಗಡಿಗೆ ಹೋಗತೊಡಗಿದರು. ಅಲ್ಲಿ ಕೂರುವವಳು ಶಿವರಂಜಿನಿ.

ಒಂದು ಸಂಜೆ ನಾನು ಮುದ್ದೆ ತಿರುವುತ್ತಿದ್ದಾಗ ಹಾಳೆ ಹಿಡಿದು ಬಂದರು.

“ಆ ಹುಡ್ಗಿಗೆ ಎಲ್ಲಾ ಗೊತ್ತು ಕಣಮ್ಮಿ. ಈ ‘ಎ’ಗೆ ಡಬಲ್ ಸ್ಟೋರಿ ಅಂತಾರಂತೆ, ಎರಡಂತಸ್ತಿಂದು ಅಂತ.”

“ಸೆರಗು ಏನಾಯ್ತು?”

“ಅದು ನಾವಾಡೋ ಮಾತು, ಬುಡು. ಇದು ಬುಕ್ಕಲ್ಲಿರೋದು.”

ಅಂದಿನ ಮುದ್ದೆ ಗಂಟು ಗಂಟಾಯಿತು. ಅವರು ಗಂಟನ್ನು ಪಕ್ಕಕ್ಕೆ ಸರಿಸಿ ಉಂಡರು. ಚಾಮರಾಜನಗರ ಎಂದು ಇಂಗ್ಲಿಷಿನಲ್ಲಿ ಬರೆದರೆ ಆರು ಸಲ ‘ಎ’ ಬರುತ್ತದೆ. ಆ ವಾರವೆಲ್ಲ ಒಂದೊಂದನ್ನು ತುಂಬುವಾಗಲೂ ನನಗೆ ಅವಳ ನೆನಪು. ಬಳೆ ಹಾಕುವಳೋ, ವಾಚು ಕಟ್ಟುವಳೋ? ಇವರು ಹೋದರೆ ಕುರ್ಚಿ ಎಳೆದುಕೊಡುವಳೋ?

ಶಾಂತಿಗೆ ಚಪ್ಪಲಿ ಕೊಡಿಸಬೇಕೆಂದು ಮುಂದಿನ ಸಲ ನಾನೂ ಬಸ್ಸು ಹತ್ತಿದೆ. ಚಪ್ಪಲಿ ಗುಂಡ್ಲುಪೇಟೆಯಲ್ಲೂ ಸಿಗುತ್ತದೆ.

ಶಿವರಂಜಿನಿ ಎದ್ದು ನಿಂತಳು. ವಾಚು ಕಟ್ಟಿದ್ದಳು. “ಬನ್ನಿ ಅಕ್ಕ, ಕೂತ್ಕೊಳಿ,” ಎಂದು ಕುರ್ಚಿ ಎಳೆದಳು. ಶಾಂತಿಗೆ ಬಿಸ್ಕತ್ತು ಕೊಟ್ಟಳು. ಸಿಟ್ಟು ಮಾಡಿಕೊಳ್ಳಲು ಏನೂ ಉಳಿಸಲಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಪರದೆಯ ಕಡೆ ಬೆರಳು ಮಾಡಿದಳು.

“ಶಿವಸ್ವಾಮಣ್ಣ, ಸೆರಗು ಹೊದ್ದ ‘ಎ’ ಇನ್ನೊಂದು ಥರದ್ದು ಸಿಕ್ತು ನೋಡಿ. ‘ಆರ್’ ಮಾತ್ರ ಎಮ್ಮೆ ಒದೆ ಅಲ್ಲ.” ನನ್ನ ಕಡೆ ತಿರುಗಿ ನಕ್ಕಳು. “ಅಣ್ಣ ಎಂಥಾ ಚೆಂದದ ಹೆಸ್ರು ಇಡ್ತಾರಲ್ವಾ ಅಕ್ಕ? ನಮ್ಮ ಬುಕ್ಕಲ್ಲಿರೋದು ಬಾಯಿಗೇ ಬರಲ್ಲ. ಹೆಂಗೆ ಹೊಳೀತದೆ ಅಣ್ಣ ಅಂದ್ರೆ ಸುಮ್ನೆ ನಗ್ತಾರೆ.”

“ನಗ್ತಾರಾ?” ಎಂದೆ.

ಯಜಮಾನರು ಫ್ಯಾನು ನೋಡುತ್ತಿದ್ದರು.

ಅವಳು ಬುಕ್ಕಿನ ಹೆಸರು ಕಲಿಸಿದಳೆಂದು ಇಷ್ಟು ದಿನ ಉರಿದಿದ್ದೆ. ನನ್ನ ಹೆಸರುಗಳು ಅವಳ ಬಾಯಲ್ಲಿ ಅಷ್ಟು ಸಲೀಸಾಗಿ ಆಡುವುದನ್ನು ಕೇಳಿದ ಮೇಲೆ ಆ ಉರಿ ಏನೂ ಅಲ್ಲ ಅನ್ನಿಸಿತು.

ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ಅವರು ಕಿಟಕಿಯಲ್ಲಿ ಕಡ್ಲೆಕಾಯಿ ಕೊಂಡು ಸುಲಿದು ಸುಲಿದು ನನ್ನ ಮಡಿಲಿಗೆ ಹಾಕಿದರು. ಶಾಂತಿ ತಿಂದಳು.

“ಸೆರಗು ಯಾರ್ದು?” ಎಂದೆ.

“ನಿಂದೇ ಕಣಮ್ಮಿ.”

“ಮತ್ತೆ ತಕ್ಕೊಂಡೋಗಿ ಅವ್ಳಿಗ್ಯಾಕೆ ಹೊದಿಸ್ಬುಟ್ರಿ?”

ಮುಂದಿನ ಸೀಟಿನ ಅಜ್ಜಿ ತಿರುಗಿ ಅವರನ್ನು ಮೇಲಿಂದ ಕೆಳಗೆ ನೋಡಿತು. ಯಜಮಾನರ ಕಿವಿ ಕೆಂಪಾಯಿತು. “ಅಷ್ಟು ಚೆಂದ ಅಂದ್ಲು… ನಂದೇ ಅಂತ ನಾನೇನ್ ಹೇಳ್ನಿಲ್ಲ.”

“ಅಲ್ಲ ಅಂತ್ಲೂ ಹೇಳ್ನಿಲ್ಲ.”

ಅದಾದ ಮೇಲೆ ಹಂಗಳದಲ್ಲಿ ಊಟಿ ರಸ್ತೆಯ ಹೋಟೆಲಿನ ಬೋರ್ಡು ಬಂತು. ಶಿವರಂಜಿನಿಯೇ ಕೊಟ್ಟ ಮಾದರಿ. ಅದರ ‘ಜಿ’ ವಿಚಿತ್ರವಾಗಿತ್ತು. ಕೆಳಗಿನ ಸುತ್ತು ಸುತ್ತಿ ಬಂದು, ಇನ್ನೇನು ಮುಟ್ಟಬೇಕು ಅನ್ನುವಾಗ ಮುಟ್ಟದೆ ನಿಂತಿತ್ತು. ನಡುವೆ ಬೆರಳಗಲ ಜಾಗ. ಶಾಂತಿ ಅಲ್ಲೇ ಕೈ ಊರಿ ಗೆರೆ ಅಳಿಸಿದ್ದಳು. ನಾನು ಕೈಯ ಅಭ್ಯಾಸದಂತೆ ಸಿಂಬಿಯನ್ನು ಮುಚ್ಚಲು ಹೊರಟಿದ್ದೆ.

“ಅಮ್ಮಿ, ಆ ‘ಜಿ’ ಸಿಂಬಿ ಅಲ್ಲ! ಅದು… ಅದು…” ಏಣಿಯ ಮೇಲೆ ಅವರು ತಡವರಿಸಿದರು.

“ಬುಕ್ಕಲ್ಲಿ ಏನಂತಾರೆ?”

“ಗೊತ್ತಿಲ್ಲ.”

“ನಿಮ್ಮ ರಂಜಿನಿ ಏನಂತಾಳೆ?”

“ಅವ್ಳಿಗೂ ಗೊತ್ತಿಲ್ಲ. ನೀನೇ ಒಂದು ಹೆಸ್ರಿಡು ಕಣಮ್ಮಿ, ಕಾಲು ನೋಯ್ತಾವೆ.”

ಹೆಸರು ನನಗೆ ಆಗಲೇ ಹೊಳೆದಿತ್ತು. ಆದರೂ ಕುಂಚವನ್ನು ಡಬ್ಬಿಯ ಅಂಚಿಗೆ ನಿಧಾನವಾಗಿ ಒರೆಸಿದೆ. ಶಾಂತಿಯ ಮೂಗು ಒರೆಸಿದೆ. ಬಿಸಿಲು ಚೆನ್ನಾಗಿತ್ತು.

“ಹೇಳ್ತೀನಿ. ಆದ್ರೆ ಇದು ಹಂಗಳ ದಾಟ್ಕೂಡ್ದು.”

“ದಾಟಲ್ಲ.”

“ಮಾದಪ್ಪನಾಣೆ?”

“ಮಾದಪ್ಪನಾಣೆ ಕಣ, ಹೇಳು ಮಾರಾಯ್ತಿ!”

ಹೇಳಿದೆ. ಅವರು ನಕ್ಕ ರಭಸಕ್ಕೆ ಏಣಿ ಅಲುಗಾಡಿತು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಮುಂದಿನ ಸಲ ಚಾಮರಾಜನಗರದಿಂದ ಬಂದವರು ತಾವಾಗಿಯೇ ಹೇಳಿದರು: “ಆ ‘ಜಿ’ಗೆ ಏನಂತೀರಣ್ಣ ಅಂತ ಕೇಳಿದ್ಲು.”

“ನೀವೇನಂದ್ರಿ?”

“ಹೆಸ್ರಿಡೋಳು ನಮ್ಮನೆಯವ್ಳು, ಅವ್ಳ್ನೇ ಕೇಳ್ಬೇಕು ಅಂದೆ.”

“ಅದ್ಕೆ?”

“ಅಕ್ಕನ ಇನ್ನೊಂದ್ಸಲ ಕರ್ಕೊಂಬನ್ನಿ ಅಂದ್ಲು.”

ಅಂದಿನ ಮುದ್ದೆಯಲ್ಲಿ ಗಂಟಿರಲಿಲ್ಲ. ಚಾಮರಾಜನಗರಕ್ಕೆ ಮಾತ್ರ ನಾನು ಹೋಗಲಿಲ್ಲ.

ಆ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಶಿವರಂಜಿನಿಗೆ ಕಥೆ ಓದುವ ಅಭ್ಯಾಸವಿದೆಯಂತೆ.