ಚಾವಡಿ ಲೈಬ್ರರಿ

“ಏಯ್ ಪುಸ್ಪಿ, ಅದ್ಯಕ್ಸೆ ಆದ್ಮೇಕೆ ಸೊಂಟ ಬಗ್ಗಾಕಿಲ್ವೇನಮ್ಮೀ? ಪೈರು ತೇಲ್ತಾ ಅವೆ, ಸರ್ಯಾಗ್ ನೆಡು!”

ಬದುವಿನ ಮೇಲಿಂದ ಹೊನ್ನಯ್ಯಗೌಡ ಕೂಗಿದ. ಪುಷ್ಪಾ ತಲೆಯೆತ್ತಲಿಲ್ಲ. ತೇಲಿದ ಪೈರನ್ನು ಹಿಡಿದು ಮತ್ತೆ ಕೆಸರಿಗೆ ಒತ್ತಿದಳು. ಕೇರಿಯಿಂದ ಮದ್ದೂರಿಗೆ ಹೋಗಿ ಬಿ.ಎ. ಮುಗಿಸಿದ ಮೊದಲ ಹೆಣ್ಣು ಅವಳು, ಪಂಚಾಯಿತಿ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣೂ ಅವಳೇ. ಗೌಡನ ಗದ್ದೆಯ ಕೂಲಿ ಮಾತ್ರ ತಪ್ಪಿರಲಿಲ್ಲ. ಅವಳು ಅಧ್ಯಕ್ಷೆಯಾದ ವಾರವೇ ಕಚೇರಿಯ ಸ್ಟೀಲ್ ಲೋಟಗಳು ಮಾಯವಾಗಿ, ಎಲ್ಲರಿಗೂ ಪೇಪರ್ ಕಪ್ಪಿನಲ್ಲಿ ಟೀ ಬರತೊಡಗಿತ್ತು. ಎಲ್ಲರಿಗೂ ಅಂದಮೇಲೆ ಯಾರನ್ನು ಕೇಳುವುದು? ಕುಡಿದಿದ್ದಳು.

ಊರಿನ ಹಳೇ ಚಾವಡಿಯಲ್ಲಿ ಅವಳು ತೆರೆಸಿದ ಲೈಬ್ರರಿಗೆ ಮೊನ್ನೆ ಬೀಗ ಬಿದ್ದಿತ್ತು. ಕೇರಿಯ ಹುಡುಗಿಯರು ಊರಿನ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ್ದರು. ಕೀಲಿಕೈ ಗೌಡನ ಜೇಬಿನಲ್ಲಿತ್ತು.

“ಬಾ ಇತ್ಲಾಗೆ.”

ಅವಳು ಬದುವಿನ ಕೆಳಗೆ ಬಂದು ನಿಂತಳು. ಮೊಣಕಾಲ ತನಕ ಕೆಸರು.

“ನೋಡಮ್ಮಿ, ನಾನೇನ್ ಕೆಟ್ಟೋನಲ್ಲ. ನಿಮ್ ಕೇರೀಲೇ ಒಸಾ ಲೈಬ್ರರಿ ಕಟ್ಟುಸ್ಕೊಡ್ತೀನಿ. ಟೈಲ್ಸು, ಫ್ಯಾನು, ಕಂಪ್ಯೂಟರು. ನಿಮ್ ಐಕ್ಳು ನಿಮ್ ಪಾಡ್ಗೆ ಓದ್ಕಳ್ಳಿ. ನಾಳೆ ಮೀಟಿಂಗ್ನಲ್ಲಿ ಊಂ ಅಂದ್ಬುಡು.”

ಪಕ್ಕದ ಸಾಲಿನಲ್ಲಿದ್ದ ಅತ್ತೆ ಚಿಕ್ಕನಂಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಊಂ ಅನ್ನವ್ವ. ನಮ್ಮುನ್ನ ಜಗ್ಲಿ ಅತ್ತುಸ್ದೇ ಇದ್ದೋರು, ಈಗ ಟೈಲ್ಸ್ ಆಕುಸ್ತೀನಿ ಅಂತಾವ್ರೆ.”

“ಚಾವಡೀದು?” ಪುಷ್ಪಾ ಕೇಳಿದಳು.

“ಅದ್ಯಾಕೆ, ಮುಚ್ಬುಡಾದು. ನಮ್ ಐಕ್ಳಿಗೆ ಮನೇಲೇ ಫೋನೈತೆ.”

“ಬೀಗದ್ ಕೀ ಕೊಡಿ ಗೌಡ್ರೇ.”

“ಥೂ ಮುಂಡೇದೆ! ಏಸಿ ಬೇಕಾ? ಆಕುಸ್ತೀನಿ. ಕಲ್ ಮೇಲೆ ನಿನ್ ಎಸ್ರೇ ಕೆತ್ತುಸ್ತೀನಿ, ದಪ್ ಅಕ್ಸರ್ದಲ್ಲಿ. ಸಾಕಾ?”

ನಾಟಿ ಹೆಂಗಸರ ಕೈಗಳು ನಿಂತವು. ಪುಷ್ಪಾಳಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ನಾಲೆ ನೀರಿನಲ್ಲಿ ನೆನೆದ ಕಾಲುಗಳು ಬೇರೆ ಯಾರವೋ ಅನ್ನಿಸಿತು. ಗೌಡ ಹೇಳಿದ ಕೋಣೆ ಕಣ್ಣ ಮುಂದೆ ಬಂತು. ಚೆನ್ನಾಗಿಯೇ ಇತ್ತು. ಕೇರಿಯ ಮಕ್ಕಳು ಒಳಗೆ ಕೂತಿದ್ದರು, ಕೇರಿಯ ಮಕ್ಕಳು ಮಾತ್ರ.

“ಬ್ಯಾಡ,” ಅಂದಳು.

“ಅತ್ತೆ ಸೊಸೆ ಇಬ್ರೂ ನಾಳಿಂದ ಗದ್ದೆ ತಾವ್ಕೆ ಬರಂಗಿಲ್ಲ. ಈಗ ಯೋಚ್ನೆ ಮಾಡಿ ಏಳು.”

ಚಿಕ್ಕನಂಜಮ್ಮ ಸೊಸೆಯ ತೋಳು ಹಿಡಿದು ಅಲುಗಾಡಿಸಿದಳು. ಪುಷ್ಪಾ ಅಲುಗಾಡಿದಳು, ಅಷ್ಟೇ.

“ಬ್ಯಾಡ ಗೌಡ್ರೇ. ನಮ್ ಕೇರಿಗೆ ಲೈಬ್ರರಿ ಬ್ಯಾಡ.”