ಗುಡದಪ್ಪನ ಕುಟ್ಟಾಣಿ

ಕರಿಯವ್ವ ಮೂರನೆಯ ಸಲ ಗಂಡನ ಹೆಣದ ಮಗ್ಗುಲಿನಿಂದ ಎದ್ದಳು. ಹಿಂದಿನಿಂದ ಓರಗಿತ್ತಿ ಮಂಗಳವ್ವ ಸೆರಗು ಹಿಡಿದು ಜಗ್ಗಿದಳು.

“ಎಲ್ಲಿಗೆ ಹೊಂಟಿ ಯಕ್ಕಾ? ಇವತ್ತರ ಒಂದ ಕಡೆ ಕುಂದ್ರು.”

“ಬಿಡ. ಕುಂತ್ರ ಮೈಯೆಲ್ಲ ಉರೀತೈತಿ.”

ಸೆರಗು ಕಿತ್ತುಕೊಂಡು ಅಡಿಗೆಮನೆಗೆ ಹೋಗಿ ಜೋಳದ ಗಡಿಗೆಯ ಹಿಂದೆ ಕೈಯಾಡಿಸಿದಳು. ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿ ಅಲ್ಲೇ ಇತ್ತು. ನಸುಕಿನಲ್ಲಿ ತಾನೇ ಅಲ್ಲಿ ತುರುಕಿದ್ದಳು. ಇನ್ನಷ್ಟು ಒಳಗೆ ತಳ್ಳಿ ಹೊರಗೆ ಬಂದಳು.

ಪಡಸಾಲೆಯ ಗೋಡೆಗೆ ಒರಗಿಸಿ ಗುಡದಪ್ಪನನ್ನು ಕೂರಿಸಿದ್ದರು. ತಲೆಗೆ ರುಮಾಲು, ಹಣೆಗೆ ಭಂಡಾರ. ಭಂಡಾರ ಹಚ್ಚದಿದ್ದರೂ ನಡೆಯುತ್ತಿತ್ತು. ಮುಖ ಮೊದಲೇ ಅರಿಸಿಣದ ಬಣ್ಣಕ್ಕೆ ತಿರುಗಿತ್ತು.

ಹಾವೇರಿಯ ದನದ ಸಂತೆಯಲ್ಲಿ ಮೂವತ್ತು ವರ್ಷ ಅವನ ಜೊತೆ ದಲಾಲಿ ಮಾಡಿದ ಮಕ್ತುಮಸಾಬ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ: “ಮುದಿ ಎತ್ತನ್ನ ಆರ ಹಲ್ಲಿನ ಹೋರಿ ಅಂತ ಮೇಡ್ಲೇರಿಯವರಿಗೆ ದಾಟಿಸಿಬಿಟ್ಟ. ಮುಂದಿನ ಸಂತಿಗೆ ಅವರು ಬಡಿಗಿ ಹಿಡಕೊಂಡ ಬಂದ್ರು. ಇವ ಬಾಯಿ ತಗದು ಬೋಳ ವಸಡು ತೋರಿಸಿದ. ‘ನನಗ ಒಂದೂ ಹಲ್ಲಿಲ್ಲ, ನಾ ಏನ್ ಹಾಲ ಕುಡಿಯೋ ಕೂಸೇನ್ರೋ? ಹಲ್ಲ ನೋಡಿ ವಯಸ್ಸ ಹೇಳಬಾರದು’ ಅಂದ.”

ಕೂತವರು ನಕ್ಕೇಬಿಟ್ಟರು. ಸತ್ತವನ ತಮ್ಮ ದುರಗಪ್ಪ ದಿಗ್ಗನೆ ಎದ್ದ.

“ನಗ್ರಿ, ನಗ್ರಿ! ನಮ್ಮಣ್ಣನ ಕೊಂದಾಕಿ ಅಲ್ಲಿ ಬಾಗಲದಾಗ ಕುಂತಾಳ, ನೀವು ನಗ್ರಿ!”

ಬಾಗಿಲಲ್ಲಿ ಕೂತವಳು ನೆರೆಮನೆಯ ಮುದುಕಿ ಭರಮವ್ವ. ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುವವಳು.

ದುರಗಪ್ಪ ಮುಂದುವರಿಸಿದ: “ನಿನ್ನೆ ಡಾಕ್ಟರು ಲಿವರ್ ಕೆಟ್ಟು ಹೋಗೈತಿ, ಏನೇನ್ ಹಾಕೀರಿ ಹೊಟ್ಟಿಗೆ ಅಂದ್ರು. ಕ್ಷಯದ ಗುಳಿಗಿ ಅಣ್ಣ ಕಣ್ಣು ಹಳದಿ ಆದ ದಿನಾನ ಬಿಟ್ಟಿದ್ದ. ಮತ್ತ ಉಳದದ್ದೇನು? ಈಕಿ ಸೊಪ್ಪು!”

“ನಲವತ್ತ ವರ್ಷ ಕೊಟ್ಟೇನಪಾ,” ಎಂದಳು ಭರಮವ್ವ. “ನಿನ್ನ ಮಗಗೂ ನಾನ ಕೊಟ್ಟಿದ್ದೆ.”

“ಮಣ್ಣ ಆಗಲಿ. ಆಮೇಲೆ ಪೊಲೀಸರ ಮುಂದ ಹೇಳುವಂತಿ.”

ಕರಿಯವ್ವ ಕೂತಳು. ಮತ್ತೆ ಎದ್ದಳು.

*

ಹೋದ ವರ್ಷ ಕೆಮ್ಮು ತುಸು ಇಳಿದದ್ದೇ ತಡ, ಗುಡದಪ್ಪ ಕ್ಷಯದ ಗುಳಿಗೆ ತಿಪ್ಪೆಗೆ ಎಸೆದು ಸಂತೆಗೆ ಹೋಗಿದ್ದ. ದೀಪಾವಳಿಗೆ ರಕ್ತ ಕಾರಿದ. ಆಗ ಮತ್ತೆ ಗುಳಿಗೆ ಕೊಟ್ಟ ನರ್ಸಬಾಯಿ ಕರಿಯವ್ವನನ್ನು ಬದಿಗೆ ಕರೆದು, “ಈ ಸಲ ಒಂದ ದಿನ ತಪ್ಪಿದ್ರೂ ಗಂಡನ್ನ ಕಳಕೊಂತಿ,” ಎಂದಳು. ಕರಿಯವ್ವ ಆ ಮಾತನ್ನು ಹರಕೆಯ ಹಾಗೆ ಹಿಡಿದಳು. ದಿನಾ ಬೆಳಗ್ಗೆ ಗುಳಿಗೆ ನುಂಗಿಸಿ, ನಾಲಿಗೆಯ ಕೆಳಗೆ ಬಚ್ಚಿಟ್ಟಿದ್ದಾನೋ ಎಂದು, “ಬಾಯಿ ತಗಿ” ಅನ್ನುವಳು.

“ನಾ ಏನ್ ಎತ್ತೇನ?”

“ಎತ್ತಾದ್ರ ಮಾರಿಬಿಡತಿದ್ದೆ. ತಗಿ!”

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವನು ತುಟಿ ಬಿಗಿದ. “ಕಣ್ಣು ಹಳದಿ ಆಗ್ಯಾವ. ಹಂಗಾದ್ರ ಗುಳಿಗಿ ನಿಲ್ಲಿಸಿ ಬಾ ಅಂತ ಡಾಕ್ಟರು ಹೇಳ್ಯಾರ.”

“ನನ್ನ ಮುಂದ ಯಾಕ ಹೇಳಲಿಲ್ಲ ಅವರು?”

“ನೀ ಹೊರಗ ಚಪ್ಪಲಿ ಕಾಯಾಕತ್ತಿದ್ದಿ. ಈ ಸಲ ಖರೇ ಹೇಳಾಕತ್ತೇನಿ, ಕರಿ.”

ಜೀವಮಾನದಲ್ಲಿ ಒಮ್ಮೆ ಖರೇ ಹೇಳುವಾಗ ಅವನ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಜಗಳ ಆಡಲಿಲ್ಲ. ಅಂದಿನಿಂದ ಎಲೆ ಕುಟ್ಟುವಾಗ ಕೆಂಪು ಕ್ಯಾಪ್ಸೂಲು ಒಡೆದು ಕುಟ್ಟಾಣಿಗೆ ಸುರಿದಳು, ಬಿಳಿ ಗುಳಿಗೆಗಳನ್ನೂ ಹಾಕಿ ಜಜ್ಜಿದಳು. ಕಾಚಿನ ಕೆಂಪಿನಲ್ಲಿ ಅದರ ಕೆಂಪು ಕಾಣಲಿಲ್ಲ.

“ಎಲಿ ಯಾಕೋ ಕಹಿ ಹತ್ತತೈತಿ.”

“ನಿನ್ನ ನಾಲಿಗಿ ಕೆಟ್ಟೈತಿ. ತಿನ್ನು.”

ಗುಳಿಗೆ ಬಿಟ್ಟಾಗಿದೆ, ಸೊಪ್ಪು ಕುಡಿಯುತ್ತಿದ್ದೇನೆ, ಇನ್ನೇನು ಎಂದು ಅವನು ಹಾವೇರಿಯ ದವಾಖಾನೆಗೆ ಹೋಗುವುದನ್ನು ಮುಂದೂಡುತ್ತ ಬಂದ. ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಎಚ್ಚರ ತಪ್ಪಿದ. ದವಾಖಾನೆಯಲ್ಲಿ ಡಾಕ್ಟರು, “ಕಣ್ಣು ಹಳದಿಯಾದಮೇಲೆ ಆ ಗುಳಿಗೆ ವಿಷ ಇದ್ದಂತೆ. ನಿಲ್ಲಿಸಿದ್ದಿರಲ್ಲ?” ಎಂದು ಕೇಳಿದರು. “ಹೂಂ ರೀ, ಅವತ್ತ ನಿಲ್ಲಿಸ್ಯಾನ,” ಎಂದ ದುರಗಪ್ಪ. ಮಂಚದ ಕಾಲದೆಸೆಯಲ್ಲಿ ನಿಂತಿದ್ದ ಕರಿಯವ್ವನ ಬಾಯಿ ಏಳಲಿಲ್ಲ.

*

“ಹೊತ್ತಾತು. ಹೆಂಡತಿ ಕೈಯಿಂದ ಕಡೀ ಎಲಿ ಆಗಲಿ,” ಎಂದರು ಹಿರಿಯರು. “ಕುಟ್ಟಾಣಿ ತರ್ರಿ.”

ಹೆಂಗಸರು ಹುಡುಕಿದರು. ಮಾಡದಲ್ಲಿ ಇಲ್ಲ, ಎಲೆ ಚೀಲದಲ್ಲಿ ಇಲ್ಲ. ಕಣ್ಣು ಒರೆಸಿಕೊಳ್ಳುತ್ತ ಭರಮವ್ವ ಎದ್ದು ಒಳಗೆ ಹೋದಳು. ಆ ಮನೆಯ ಮೂಲೆ ಮೂಲೆ ಅವಳಿಗೆ ಗೊತ್ತು. ಗಡಿಗೆಗಳನ್ನು ಸರಿಸಿದ ಸದ್ದು ಕೇಳಿತು. ಕುಟ್ಟಾಣಿ ತಂದು ಕರಿಯವ್ವನ ಮುಂದೆ ಹಿಡಿದಳು.

“ತಗೋ ತಂಗಿ. ಮೆತ್ತಗ ಕುಟ್ಟು. ನಿನ್ನ ಕೈಯಾಂದು ಅಂದ್ರ ಜೀವ ಬಿಡತಿದ್ದ.”

ಕುಟ್ಟಾಣಿಯ ತಳದಲ್ಲಿ ಕೆಂಪು ಕಚ್ಚಿಕೊಂಡಿತ್ತು. ಅಂಚಿನಲ್ಲಿ ಸುಣ್ಣದ್ದಲ್ಲದ ಬಿಳಿ ಹರಳು.

“ಆಕಿ ಕೈಯಾಗಿಂದ ಯಾಕ ತಗೊಂತಿ ವೈನಿ? ಒಗಿ ಅದನ್ನ!” ದುರಗಪ್ಪ ಚೀರಿದ.

“ದುರಗ್ಯಾ, ಬಾಯಿ ಮುಚ್ಚು.” ಕರಿಯವ್ವನ ದನಿ ಅಂಗಳದಾಚೆಗೂ ಕೇಳಿತು. “ಈಕಿ ಸೊಪ್ಪಲ್ಲ. ನಾನು. ಅವ ಬಿಟ್ಟ ಗುಳಿಗಿ ನಾ ಇದರಾಗ ಕುಟ್ಟಿ ಎಲ್ಯಾಗ ಕೂಡಿಸಿ ತಿನಿಸೇನಿ. ದಿನಾ. ಹತ್ತೊಂಬತ್ತ ದಿನ. ಅವ ಖರೇ ಹೇಳಿದ್ದ. ನಾ ನಂಬಲಿಲ್ಲ.”

ಭರಮವ್ವನ ಕಡೆಗೆ ಚಾಚಿದ್ದ ದುರಗಪ್ಪನ ಬೆರಳು ಗಾಳಿಯಲ್ಲೇ ನಿಂತಿತು. ಮಕ್ತುಮಸಾಬ ಹೆಗಲ ಟವೆಲು ತೆಗೆದು ಮುಖಕ್ಕೆ ಒತ್ತಿಕೊಂಡ.

ಕರಿಯವ್ವ ಕುಟ್ಟಾಣಿಯನ್ನು ನೆಲಕ್ಕೆ ಬೋರಲು ಹಾಕಿದಳು. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ತನ್ನ ಬಾಯಿಗೇ ಹಾಕಿಕೊಂಡಳು. ನುಣ್ಣಗಾಗುವವರೆಗೆ ಅಗಿದಳು. ಗಂಡನ ಮುಂದೆ ಮೊಣಕಾಲೂರಿ, ಅವನು ಸಂತೆಯಲ್ಲಿ ಹಲ್ಲು ನೋಡಲು ಎತ್ತಿನ ತುಟಿ ಇಳಿಸುತ್ತಿದ್ದ ಹಾಗೆಯೇ ಹೆಬ್ಬೆರಳಿನಿಂದ ಅವನ ಕೆಳತುಟಿ ಇಳಿಸಿ, ತನ್ನ ಬಾಯಿಯ ಎಲೆಯನ್ನು ಆ ಬೋಳು ವಸಡಿನ ನಡುವೆ ಇಟ್ಟಳು. ಕೆಂಪು ರಸ ಹಳದಿ ಗದ್ದದ ಮೇಲೆ ನಿಧಾನವಾಗಿ ಇಳಿಯಿತು.