ಭಾನುವಾರದ ದುಪ್ಪಟಿ

ವಿಧವೆ ರೂಲ್ಫಿನಾಗೂ ವೀಬ್ರನ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವಳ ಅಟ್ಟದಲ್ಲಿ ಕೂತು ಅವನು ಹಾಲೆಂಡಿನೊಳಗಿನ ಜರ್ಮನ್ ಸೈನ್ಯದ ಓಡಾಟವನ್ನೆಲ್ಲ ರೇಡಿಯೊದಲ್ಲಿ ಮೋರ್ಸ್ ಸಂಕೇತವಾಗಿ ಕುಟ್ಟಿ ಲಂಡನ್ನಿಗೆ ಕಳಿಸುತ್ತಿದ್ದ. ಸಿಕ್ಕಿಬಿದ್ದರೆ ಇಬ್ಬರಿಗೂ ಗುಂಡೇ ಗತಿ. ಅದಕ್ಕೆಲ್ಲ ಅವಳು ಜಗ್ಗುವವಳಲ್ಲ. ಊಟಕ್ಕೆ ಮುಂಚೆ ಇವನು ಪ್ರಾರ್ಥಿಸುವುದಿಲ್ಲ, ಭಾನುವಾರವೂ ಕುಟ್ಟುತ್ತಾನೆ ಎಂಬುದೇ ಅವಳ ತಕರಾರು.

ಮನೆಗೆ ಪೊಲೀಸರು ಬಂದರೆ ಅವಳು ಬೇಲಿಯ ಹಗ್ಗದ ಮೇಲೆ ಬಿಳಿ ದುಪ್ಪಟಿ ಹರವಬೇಕು, ಅದು ಕಂಡರೆ ಅವನು ಊರೊಳಗೆ ಬರಬಾರದು ಎಂದು ಮಾತಾಗಿತ್ತು.

"ಭಾನುವಾರ ಮಾತ್ರ ಆಗಲ್ಲ," ಅಂದಿದ್ದಳು. "ದೇವರ ದಿನ ಈ ಊರಲ್ಲಿ ಯಾರೂ ಒಂದು ಕರ್ಚೀಫೂ ಒಣಹಾಕಲ್ಲ."

"ಹಾಗಾದ್ರೆ ಭಾನುವಾರ ನಾನು ಸಾಯ್ತೀನಿ ಬಿಡಿ. ನಿಮ್ಮ ದೇವರಿಗೂ ಖುಷಿ."

"ನಿನ್ನಂಥೋನು ಹೋದ್ರೆ ಅವನಿಗೇನು ನಷ್ಟ?"

ಆ ಭಾನುವಾರ ಚರ್ಚು ಬಿಟ್ಟ ಹೊತ್ತಿಗೆ ಅವನು ಕಾಲುವೆ ದಂಡೆ ಹಿಡಿದು ಸೈಕಲ್ಲಿನಲ್ಲಿ ಬಂದ. ಹಿಂದೆ ಕಟ್ಟಿದ್ದ ಆಲೂಗಡ್ಡೆ ಮೂಟೆಯೊಳಗೆ ರೇಡಿಯೊ. ಹಗ್ಗ ಖಾಲಿಯಿತ್ತು. ನಿಶ್ಚಿಂತೆಯಿಂದ ಬೀದಿಗೆ ತಿರುಗಿದ.

ಬೇಲಿ ಹತ್ತಿರ ಪಕ್ಕದ ಮನೆಯ ಆಲಿಡಾ ಬಿಳಿ ದುಪ್ಪಟಿ ಹಿಡಿದು ನಿಂತಿದ್ದಳು. ಇನ್ನೊಂದು ತುದಿ ರೂಲ್ಫಿನಾಳ ಕೈಯಲ್ಲಿ.

"ದೇವರ ದಿನ ಬಟ್ಟೆ ಒಣಹಾಕಿ ಬೀದಿ ಮರ್ಯಾದೆ ಕಳೀತೀಯಲ್ಲೇ. ತೆಗೆದಿದ್ದೀನಿ, ಮತ್ತೆ ಹಾಕೋಕೆ ಬಿಡಲ್ಲ."

"ಕೊಡೇ ಇಲ್ಲಿ. ನನ್ನ ಪಾಪ, ನಾನು ಅನುಭವಿಸ್ತೀನಿ."

ವೀಬ್ರನ್‌ಗೆ ಮೊದಲು ನಗು ಬಂತು. ಆಮೇಲೆ ಆ ದುಪ್ಪಟಿಯ ಅರ್ಥ ಹೊಳೆಯಿತು.

ಅಷ್ಟರಲ್ಲಿ ರೂಲ್ಫಿನಾಳ ಮನೆಯಿಂದಲೇ ಪೊಲೀಸ್ ಹರ್ಬರ್ತ್ ಹೊರಬಂದ. ಜರ್ಮನ್ನರ ಸಂಬಳ ತಿನ್ನುವ ಅದೇ ಊರಿನ ಆಳು. ಜರ್ಮನ್ ಸಿಪಾಯಿಯಾಗಿದ್ದರೆ ಹೆಂಗಸರ ಜಗಳ ಎಂದು ಸುಮ್ಮನಿರುತ್ತಿದ್ದ. ಇವನು ಅವಳದೇ ಚರ್ಚಿನ ಹಿಂದಿನ ಬೆಂಚಿನಲ್ಲಿ ಬೆಳೆದವನು.

"ರೂಲ್ಫಿನಾ, ಭಾನುವಾರ ಬಟ್ಟೆ ಒಣಹಾಕೋ ಪೈಕಿ ಅಲ್ಲ ನೀನು. ಯಾರಿಗೆ ಕಾಣಲಿ ಅಂತ ಇದು?"

ಹರ್ಬರ್ತ್‌ನ ಕಣ್ಣು ರಸ್ತೆಯತ್ತ ಹೊರಳಿತು. ಈಗ ಸೈಕಲ್ ತಿರುಗಿಸಿದರೆ ಕಥೆ ಮುಗಿದಂತೆ. ವೀಬ್ರನ್ ಕಾಲೂರಿ ನಿಂತುಬಿಟ್ಟ.

ರೂಲ್ಫಿನಾ ವೀಬ್ರನ್ ಕಡೆ ತಿರುಗಿದಳು. "ಏನೋ ಹಾಗೆ ಕಣ್ಣು ಬಿಟ್ಕೊಂಡು ನಿಂತಿದ್ದೀಯ? ಆಲೂಗಡ್ಡೆ ಮಾರೋಕೆ ನಿನಗೆ ದೇವರ ದಿನಾನೇ ಬೇಕಿತ್ತಾ, ಅಯೋಗ್ಯ? ತೊಲಗು."

"ತೊಲಗೋ," ಆಲಿಡಾಳೂ ದನಿಗೂಡಿಸಿದಳು.

ಹರ್ಬರ್ತ್ ಅವನನ್ನು ಬಿಟ್ಟು ರೂಲ್ಫಿನಾಳ ರಟ್ಟೆ ಹಿಡಿದ.

ವೀಬ್ರನ್ ತಲೆ ತಗ್ಗಿಸಿ ಪೆಡಲ್ ತುಳಿದ. ಇಷ್ಟು ದಿನ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಈಗ ಇನ್ನೂ ಸಿಟ್ಟು ಬಂತು. ಒಂದು ಕ್ಷಮೆ ಕೇಳುವುದಕ್ಕೂ ಬಿಡದೆ, ಬೈಯುತ್ತಲೇ ಅವನ ಜೀವ ಉಳಿಸಿಬಿಟ್ಟಿದ್ದಳು.